ಒರೆಸದ ಕೈ

ಎಲ್ಲರೂ ಪಟಾಕಿ ಎಂದು ಕರೆಯುವ ಪುಟ್ಟ ಹುಡುಗಿ ಎರಡೂ ಕೈಯಲ್ಲಿ ಜಗ್ಗು ಎತ್ತಿ ಬಗ್ಗಿಸಿದಳು. ನೀರು ಲೋಟವೊಂದನ್ನು ಬಿಟ್ಟು ಉಳಿದೆಲ್ಲ ಕಡೆಗೂ ಹೋಯಿತು. ಮೇಜಿನ ಮೇಲೆ, ಅವಳ ಫ್ರಾಕಿನ ಮೇಲೆ, ಎದುರಿನ ಪುಟ್ಟ ಕುರ್ಚಿಯಲ್ಲಿ ಹೇಗೋ ಹಿಡಿಸಿಕೊಂಡು ಕೂತಿದ್ದ ಹೊಸ ಟೀಚರಮ್ಮನ ಪಾದದ ಮೇಲೆ. ಟೀಚರಮ್ಮನ ಬಲಗೈ ಸರಕ್ಕನೆ ಒರೆಸುವ ಬಟ್ಟೆಯ ಕಡೆಗೆ ಹೊರಟು ಅರ್ಧ ದಾರಿಯಲ್ಲಿ ನಿಂತಿತು.

ಶಿಶುವಿಹಾರದ ಆ ಕೋಣೆಯ ಮೂಲೆಯಲ್ಲಿ, ತೊಡೆಯ ಮೇಲೆ ಅಂಕಪಟ್ಟಿ ಇಟ್ಟುಕೊಂಡಿದ್ದ ಪರೀಕ್ಷಕಿ ಉಸಿರು ಬಿಗಿಹಿಡಿದಳು. ಪರೀಕ್ಷಕಿ ಬೇರೆ ಯಾರೂ ಅಲ್ಲ, ಅಲ್ಲೇ ಟೀಚರ್ ಆಗಿರುವ, ಟೀಚರಮ್ಮನ ಹೊಟ್ಟೆಯಲ್ಲಿ ಹುಟ್ಟಿದ ಮಗಳು.

ಮಕ್ಕಳೆಲ್ಲ ದೊಡ್ಡವರಾದ ಮೇಲೆ, ಮನೆಯಲ್ಲಿ ಕೂತು ನೊಣ ಹೊಡೆಯುವುದಕ್ಕಿಂತ ಚಿಕ್ಕ ಮಕ್ಕಳಿಗೆ ಕಲಿಸುವುದನ್ನು ತಾನೂ ಕಲಿಯುತ್ತೇನೆಂದು ಅಮ್ಮ ಹಟ ಹಿಡಿದು ತರಬೇತಿಗೆ ಸೇರಿದ್ದರು. ಹಾಡು, ಕಥೆ, ಬಣ್ಣ, ಯಾವುದರಲ್ಲೂ ಹಿಂದೆ ಬೀಳಲಿಲ್ಲ. ತೊಂದರೆ ಇದ್ದದ್ದು ಅವರ ಕೈಗಳದ್ದೇ. ಮಗು ಅಂಗಿಯ ಗುಂಡಿಗೆ ತಡಕಾಡಿದರೆ ಇವರು ಹಾಕಿಬಿಡುತ್ತಿದ್ದರು. ಯಾವ ಬೂಟು ಯಾವ ಕಾಲಿಗೆಂದು ಅದು ಯೋಚಿಸುತ್ತಿದ್ದರೆ, ಯೋಚನೆ ಮುಗಿಯುವ ಮೊದಲೇ ಎರಡೂ ಬೂಟು ಕಾಲಿಗೇರಿರುತ್ತಿದ್ದವು. ಮನೆಯಲ್ಲೂ ಇದೇ ಕಥೆ. ಅವರ ಯಜಮಾನರಿಗೆ ಟವೆಲ್ ಎಲ್ಲಿರುತ್ತದೆಂದು ಇವತ್ತಿಗೂ ಗೊತ್ತಿಲ್ಲ. ಮಗಳಂತೂ ಹೈಸ್ಕೂಲು ಮುಗಿಸುವವರೆಗೆ ತನ್ನ ಜಡೆ ತಾನು ಹೆಣೆದುಕೊಂಡವಳಲ್ಲ.

ಹೋದ ಸಲದ ಪರೀಕ್ಷೆಯಲ್ಲಿ ಅಮ್ಮ ಚೆಲ್ಲಿದ ನೀರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒರೆಸಿ, ಜಗ್ಗು ತಾವೇ ಹಿಡಿದು ಲೋಟ ತುಂಬಿಸಿ, ಹೇಗಿದೆ ನನ್ನ ಕೆಲಸ ಎಂಬಂತೆ ಮಗಳ ಕಡೆ ನೋಡಿದ್ದರು. ಮಗಳು ಮುಲಾಜಿಲ್ಲದೆ ನಪಾಸು ಮಾಡಿದ್ದಳು. ಆ ಸಂಜೆ ಅಡುಗೆಮನೆಯಲ್ಲಿ ದೊಡ್ಡ ಜಟಾಪಟಿಯೇ ಆಯಿತು.

"ನಿನ್ನನ್ನ ಹೆತ್ತು ಸಾಕಿದೋಳಿಗೆ ಮಕ್ಕಳನ್ನ ನೋಡ್ಕೊಳ್ಳೋಕೆ ಬರಲ್ಲ ಅಂತೀಯಾ?"

"ನೋಡ್ಕೊಳ್ಳೋಕೆ ಚೆನ್ನಾಗೇ ಬರುತ್ತಮ್ಮಾ. ಕಲಿಸೋಕೆ ಬರಲ್ಲ. ಎಲ್ಲಾ ನೀನೇ ಒರೆಸಿಬಿಟ್ರೆ ಅವು ಒರೆಸೋದು ಯಾವಾಗ ಕಲೀತವೆ ಹೇಳು."

ಅಮ್ಮ ಬಾಣಲೆ ಉಜ್ಜುವ ಸದ್ದು ಇನ್ನಷ್ಟು ಜೋರಾಯಿತು. ಮರುದಿನ ದೊಡ್ಡ ಟೀಚರ್ ಅವರನ್ನು ಕರೆದು, "ತಾಯಿ ಮಗಳ ಮಧ್ಯೆ ಕಸಿವಿಸಿ ಯಾಕೆ? ಈ ಸಲ ನಾನೇ ಪರೀಕ್ಷೆ ಮಾಡ್ತೀನಿ ಬಿಡಿ," ಎಂದರು. ಅಮ್ಮ ಒಪ್ಪಲಿಲ್ಲ. "ಬೇಡ ಮೇಡಂ. ಅವಳೇ ನೋಡಲಿ. ಅವಳು ಪಾಸು ಅಂದ್ರೇನೇ ನಾನು ಪಾಸು." ಇವತ್ತಿನದು ಕೊನೆಯ ಅವಕಾಶ. ಇದೂ ಕೈತಪ್ಪಿದರೆ ಟೀಚರ್ ಆಗುವ ಆಸೆಯನ್ನು ಅಲ್ಲಿಗೇ ಬಿಡಬೇಕಿತ್ತು.

ಅರ್ಧ ದಾರಿಯಲ್ಲಿ ನಿಂತ ಕೈಯನ್ನು ಅಮ್ಮ ಹಿಂದಕ್ಕೆ ಎಳೆದುಕೊಂಡರು. ಅದು ಹೇಳಿದ ಮಾತು ಕೇಳದೆ ಮತ್ತೆ ಮುಂದೆ ಹೋಯಿತು. ಇದನ್ನು ನಂಬಿದರೆ ಕೆಟ್ಟೆ ಅನ್ನಿಸಿರಬೇಕು, ಎರಡೂ ಕೈಗಳನ್ನು ತೊಡೆಯಡಿಗೆ ತುರುಕಿ, ಅವುಗಳ ಮೇಲೆ ಭದ್ರವಾಗಿ ಕೂತುಬಿಟ್ಟರು.

"ಅಜ್ಜೀ, ನೀರು ಬಿತ್ತು," ಎಂದಳು ಪಟಾಕಿ.

"ಹೌದು ಕಣೇ, ಬಿತ್ತು."

"ಒರೆಸಲ್ವಾ?"

"ಬಟ್ಟೆ ಎಲ್ಲಿದೆ ಅಂತ ನಿಂಗೆ ಗೊತ್ತಲ್ಲ?"

ಈ ಅಜ್ಜಿಗೆ ಇವತ್ತು ಏನಾಗಿದೆ ಎಂದು ಪಟಾಕಿ ಮೇಲಿಂದ ಕೆಳಗೆ ನೋಡಿದಳು. ಅವಳ ಕೆಳತುಟಿ ಮುಂದೆ ಬಂದು ಅದುರತೊಡಗಿತು. ಅಳು ಇನ್ನೇನು ಬಂತು. ಅಮ್ಮನ ಭುಜಗಳು ಬಿಗಿದವು, ಕುರ್ಚಿ ಕಿರ್ ಎಂದಿತು. ಅಮ್ಮಾ, ಇನ್ನೊಂಚೂರು ತಡ್ಕೋ ಎಂದು ಮಗಳು ಮನಸ್ಸಿನಲ್ಲೇ ಬೇಡಿಕೊಂಡಳು. ತಾನು ಪರೀಕ್ಷಕಿ ಎನ್ನುವುದು ಅವಳಿಗೆ ಮರೆತೇಹೋಗಿತ್ತು.

ಅಳು ಬರಲಿಲ್ಲ. ಪಟಾಕಿ ಕುರ್ಚಿಯಿಂದ ಕೆಳಗಿಳಿದು ಬಟ್ಟೆ ತಂದಳು. ಮೊದಲು ಮೇಜಿನ ನೀರನ್ನೆಲ್ಲ ನೆಲಕ್ಕೆ ಇಳಿಸಿದಳು, ಆಮೇಲೆ ನೆಲದ ನೀರನ್ನು ಕೋಣೆಯ ಉದ್ದಗಲಕ್ಕೂ ಹಂಚಿದಳು. ಬಟ್ಟೆಯನ್ನು ತನ್ನ ಕಾಲ ಮೇಲೇ ಹಿಂಡಿಕೊಂಡಳು. ಇದನ್ನು ಸುಮ್ಮನೆ ನೋಡುತ್ತ ಕೂರುವುದೆಂದರೆ ಅಮ್ಮನಿಗೆ ಹೆರಿಗೆ ನೋವೇ ವಾಸಿ ಅನ್ನಿಸಿರಬಹುದು. ಆದರೂ ಅಲ್ಲಾಡಲಿಲ್ಲ. ಕೊನೆಗೊಮ್ಮೆ ನೆಲ ಒಣಗಿತು. ಹುಡುಗಿ ಮತ್ತೆ ಜಗ್ಗು ಎತ್ತಿದಳು. ನಾಲಿಗೆ ಹೊರಗೆ ಹಾಕಿ, ಉಸಿರು ಕಟ್ಟಿ, ಮೆಲ್ಲಗೆ ಬಗ್ಗಿಸಿದಳು. ಲೋಟ ತುಂಬಿತು. ಮೇಜಿನ ಮೇಲೆ ಒಂದು ಹನಿಯೂ ಇಲ್ಲ.

ಅವಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ಚಪ್ಪಾಳೆ ತಟ್ಟಲಿಲ್ಲ, ತಟ್ಟಲು ಕೈ ಬಿಡುವಾಗಿರಲಿಲ್ಲ. ಬರೀ ತಲೆಯಾಡಿಸಿ ನಕ್ಕರು. ಅಷ್ಟೇ ಸಾಕಾಯಿತು. ಪಟಾಕಿ ತುಂಬಿದ ಲೋಟವನ್ನು ಹಿಡಿದು, ಲೋಟವನ್ನೇ ನೋಡುತ್ತ, ಕೋಣೆ ದಾಟಿ ಮೂಲೆಗೆ ಬಂದಳು.

"ಟೀಚರ್, ಕುಡೀರಿ. ನಾನೇ ಹಾಕಿದ್ದು! ನಾನೇ ಒರೆಸಿದ್ದು!" ಎಂದು ಕೂಗಿ, ಆಮೇಲೆ ದೂರು ಹೇಳುವ ದನಿಯಲ್ಲಿ ಸೇರಿಸಿದಳು, "ಅಜ್ಜಿ ಏನೂ ಮಾಡ್ಲೇ ಇಲ್ಲ."

ಇದಕ್ಕಿಂತ ದೊಡ್ಡ ಶಿಫಾರಸು ಯಾವ ಪರೀಕ್ಷಕಿಯೂ ಬರೆಯಲಾರಳು. ಮಗಳು ಅಷ್ಟೂ ನೀರು ಕುಡಿದಳು. ಇಷ್ಟು ವರ್ಷ ಅಮ್ಮ ತನ್ನ ಬಗ್ಗೆ ಹೆಮ್ಮೆಪಟ್ಟಿದ್ದನ್ನು ಕಂಡಿದ್ದಳು. ಅಮ್ಮನ ಬಗ್ಗೆ ತನ್ನ ಎದೆ ಹೀಗೆ ಉಬ್ಬುವುದು ಅವಳಿಗೇ ಹೊಸದು. ಪಾಸು ಎಂದು ಬರೆಯಲು ಪೆನ್ನು ತೆಗೆದಳು, ಕಣ್ಣು ತುಂಬಿ ಅಂಕಪಟ್ಟಿಯೇ ಕಾಣಿಸಲಿಲ್ಲ.

ಅಮ್ಮ ಎದ್ದು ಹತ್ತಿರ ಬಂದರು. ಅವರ ಕೈ ಮಗಳ ಒದ್ದೆ ಕೆನ್ನೆಯವರೆಗೂ ಬಂದು, ಅಲ್ಲಿಂದ ಬೆನ್ನ ಹಿಂದಕ್ಕೆ ಹೋಯಿತು.

"ನೀನೇ ಒರೆಸ್ಕೋ," ಎಂದರು. "ನಾನು ಪಾಸು ಅಂತ ನೀನಿನ್ನೂ ಬರೆದಿಲ್ಲ."