ಮರ್ಯಾದೆಯ ಸರದಿ

ಕ್ಲಿನಿಕ್ಕಿನ ಬೆಂಚಿನ ಮೇಲೆ ಉಳಿದವರು ಇಬ್ಬರೇ. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬಳು ಕಪ್ಪು ಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದ ತರುಣ ವಕೀಲೆ. ಇಬ್ಬರೂ ಒಂದೇ ಹೊತ್ತಿಗೆ ಬಂದು ಕೂತಿದ್ದರು.

"ಒಳಗಿರೋರದ್ದು ಮುಗೀತಾ ಬಂತು. ಮುಂದೆ ಯಾರು?" ನರ್ಸ್ ಬಾಗಿಲಲ್ಲಿ ನಿಂತು ಕೇಳಿದಳು.

"ನೀವು ಹೋಗೀಮ್ಮ," ಎಂದರು ಮೇಷ್ಟ್ರು. "ಹೆಂಗಸರನ್ನ ಕಾಯಿಸಿ ನಾನು ಮುಂದೆ ನುಗ್ಗೋದಾ? ನಮ್ಮನೇಲಿ ಹಾಗೆ ಬೆಳೆಸಿಲ್ಲ."

"ಬೇಡ ಸಾರ್. ಹೆಣ್ಣು ಅಂತ ರಿಯಾಯಿತಿ ಕೊಟ್ರೆ ನಾನು ತಗೊಳ್ಳೋಳಲ್ಲ. ವಯಸ್ಸಲ್ಲಿ ದೊಡ್ಡೋರು, ನೀವೇ ಹೋಗಿ."

"ಇದು ರಿಯಾಯಿತಿ ಅಲ್ಲಮ್ಮ, ಮರ್ಯಾದೆ."

"ಆ ಮರ್ಯಾದೆಯಿಂದಾನೇ ಸಾರ್, ನಾವು ಇಷ್ಟು ವರ್ಷ ಹಿಂದೆ ಉಳಿದಿದ್ದು."

"ಹಾಗಾದ್ರೆ ಇವತ್ತು ಮುಂದೆ ಹೋಗಿಬಿಡಿ!"

"ಆಗಲ್ಲ ಸಾರ್. ಇದು ತತ್ವದ ಪ್ರಶ್ನೆ."

"ನನಗೂ ಅಷ್ಟೇ ಕಣಮ್ಮ."

ನರ್ಸ್ ನಕ್ಕಳು. "ಇಬ್ರೂ ಮಾತಾಡಿ ತೀರ್ಮಾನ ಮಾಡ್ಕೊಳ್ಳಿ," ಎಂದು ಒಳಗೆ ಹೋದಳು.

ಬಾಗಿಲು ಮುಚ್ಚುವ ಮೊದಲೇ ಒಳಗಿನಿಂದ "ಅಯ್ಯಯ್ಯಪ್ಪೋ!" ಎಂಬ ಕೂಗು ಕೇಳಿತು. ಅದರ ಹಿಂದೆಯೇ ಡಾಕ್ಟರ ಸಮಾಧಾನದ ದನಿ: "ಬಂತು, ಬಂತು. ಅರ್ಧ ಹಲ್ಲು ಬಂತು. ಇನ್ನರ್ಧಕ್ಕೆ ಸ್ವಲ್ಪ ಬಾಯಿ ಅಗಲಿಸಿ."

ನರ್ಸ್ ಮತ್ತೆ ಹೊರಗೆ ಬಂದಾಗ ಬೆಂಚು ಖಾಲಿಯಾಗಿತ್ತು.

ಇಕ್ಕಟ್ಟಾದ ಮೆಟ್ಟಿಲ ಬಳಿ ಮೇಷ್ಟ್ರು ಊದಿದ ದವಡೆ ಹಿಡಿದುಕೊಂಡೇ ಪಕ್ಕಕ್ಕೆ ಸರಿದು, "ಮೊದಲು ನೀವು," ಎಂದರು.

"ಥ್ಯಾಂಕ್ಸ್ ಸಾರ್," ಎಂದು ವಕೀಲೆ ಎರಡೆರಡು ಮೆಟ್ಟಿಲು ಹಾರಿ ಇಳಿದಳು.