ಯಾಕೆ ಎಂದು ಕೇಳುವಂತಿಲ್ಲ

“ಜೇಡ,” ಎಂದಳು ವಾಂಡಾ. “ನಿನ್ನ ಕಥೇಲಿ ಒಂದೇ ಒಂದು ಜೇಡ ಕಾಣಿಸ್ಲಿ, ನಾನು ಎದ್ದು ಮನೆಗೆ ಹೋಗ್ತೀನಿ. ಹೊರಗೆ ಹಿಮ ಬೀಳ್ಲಿ, ಬಿಡ್ಲಿ.”

ಆರ್ಲೋ ನಗುತ್ತಾ ತಲೆಯಾಡಿಸಿದ. ಅಮೆರಿಕದ ಡುಲೂತ್ ಊರಿನಲ್ಲಿರುವ ಅವನ ಮನೆಯ ನೆಲಮಾಳಿಗೆಯಲ್ಲಿ ಹೊಸ ಆಟ ಶುರುವಾಗುವ ಭಾನುವಾರದ ಮಧ್ಯಾಹ್ನ ಅದು. ಕಥೆ ಕಟ್ಟಿ ನಡೆಸುವವನು ಆರ್ಲೋ. ಉಳಿದ ಮೂವರು ಅದರೊಳಗೆ ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ, ಬದುಕುವವರು ಇಲ್ಲವೇ ಸಾಯುವವರು. ಒಂದು ಕಥೆ ಮುಗಿಯಲು ವರ್ಷವೇ ಹಿಡಿದೀತು. ಅದಕ್ಕೇ ಮೊದಲ ದಿನ ಒಂದು ಪದ್ಧತಿ: ಕಥೆಯಲ್ಲಿ ಏನು ಬರಲೇಬಾರದು ಎಂದು ಪ್ರತಿಯೊಬ್ಬರೂ ಹೇಳಬೇಕು. ಹೇಳಿದ್ದು ಬರುವಂತಿಲ್ಲ. ಯಾಕೆ ಎಂದು ಯಾರೂ ಕೇಳುವಂತಿಲ್ಲ.

“ನಂಗೇನೂ ಇಲ್ಲ ಭಾವ, ಏನ್ ಬೇಕಾದ್ರೂ ತಂದು ಸುರಿ,” ಎಂದ ಕೀಗನ್. ಅವನು ಆರ್ಲೋನ ತಂಗಿಯ ಗಂಡ. ನಿಯಮದ ಪುಸ್ತಕವನ್ನು ಅರೆದು ಕುಡಿದ ಆಸಾಮಿ. ದಾಳ ಮೇಜಿನಿಂದ ಕೆಳಗೆ ಬಿದ್ದರೆ ಅದು ಲೆಕ್ಕಕ್ಕಿಲ್ಲ ಎಂದು ತಗಾದೆ ತೆಗೆಯುವವನು. ಅವರ ಆಟದ ಗೆಳತಿ ವಾಂಡಾ ಅವನನ್ನು ಕರೆಯುವುದೇ ಜಡ್ಜ್ ಸಾಹೇಬ್ರು ಎಂದು.

ಇನ್ನುಳಿದವಳು ತಂಗಿ ಮಾರಿಟ್. ಹಳೆಯ ಆಟ ನಡೆದ ಕಳೆದ ಚಳಿಗಾಲವಿಡೀ ಕೀಗನ್ ಒಬ್ಬನೇ ಬರುತ್ತಿದ್ದ. “ಅವಳಿಗೆ ಮೈ ಹುಷಾರಿಲ್ಲ, ಮಲಗಿದಾಳೆ,” ಎನ್ನುತ್ತಿದ್ದ. ಮೂವರಾದರೂ ಇಲ್ಲದೆ ಹೊಸ ಆಟ ಹೂಡುವುದಿಲ್ಲ ಎಂದು ಆರ್ಲೋ ಹಟ ಹಿಡಿದದ್ದರಿಂದ ಕೀಗನ್ ಇವತ್ತು ಅವಳನ್ನು ಕರೆತಂದಿದ್ದ.

“ಹೇಳು ಪುಟ್ಟಿ,” ಎಂದ ಆರ್ಲೋ. “ಇಲಿನಾ, ಹಾವಾ?”

ಮಾರಿಟ್ ಚೀಸಿನ ತುಂಡೊಂದನ್ನು ತಟ್ಟೆಯ ಅಂಚಿಗೆ ಸರಿಸಿದಳು.

“ಹೊರಗಿಂದ ಬೀಗ ಹಾಕಿದ ಬಾಗಿಲು,” ಎಂದಳು. “ಅದು ಬೇಡ.”

“ಯಾಕೆ?”

ಕೇಳಿದವನು ಕೀಗನ್.

“ಜಡ್ಜ್ ಸಾಹೇಬ್ರೇ, ಯಾಕೆ ಅಂತ ಕೇಳೋ ಹಾಗಿಲ್ಲ,” ಎಂದಳು ವಾಂಡಾ. ನಗುತ್ತಲೇ ಮಾತು ತೆಗೆದವಳ ನಗು ಮಾತು ಮುಗಿಯುವಷ್ಟರಲ್ಲಿ ಮಾಯವಾಗಿತ್ತು.

“ಅಲ್ಲ, ಇದೆಂಥ ಭಯ? ಕೇಳಿದವ್ರು ಏನಂದ್ಕೋಬೇಕು?” ಕೀಗನ್ ಹೆಂಡತಿಯ ಕಡೆ ತಿರುಗಿದ. ದನಿ ಏರಲಿಲ್ಲ. “ಬೇರೆ ಏನಾದ್ರೂ ಹೇಳು ಮಾರಿಟ್. ಜೇಡ ಅನ್ನು.”

ಮಾರಿಟ್ ಜೇಡ ಎನ್ನಲಿಲ್ಲ.

ಆರ್ಲೋಗೆ ಕೀಗನ್‌ನ ಆ ಮಾತು ನೆನಪಾಯಿತು: ಮೈ ಹುಷಾರಿಲ್ಲ, ಮಲಗಿದಾಳೆ. ಚಳಿಗಾಲವಿಡೀ ಇದೇ ಮೇಜಿನ ಮುಂದೆ ಕೀಗನ್‌ನ ಬೆನ್ನು ತಟ್ಟಿ ತಾನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ. ಆ ಹೊತ್ತಿನಲ್ಲೆಲ್ಲ ಊರಾಚೆಯ ಮನೆಯಲ್ಲಿ ತಂಗಿ ಬೀಗದ ಹಿಂದೆ ಕೂತಿದ್ದಳು. ಕೇಳೋಣವೆಂದರೆ ಕೇಳುವಂತಿಲ್ಲ. ಕೇಳುವಂತಿಲ್ಲ ಎಂಬ ಧೈರ್ಯಕ್ಕೇ ಅವಳು ಇಲ್ಲಿ ಬಾಯಿ ಬಿಟ್ಟಿದ್ದಾಳೆ ಎಂಬುದೂ ಹೊಳೆಯಿತು.

ಬೇಸಿಗೆಯಿಡೀ ಕೂತು ಅವನು ಕಟ್ಟಿದ್ದ ಕಥೆ ಶುರುವಾಗುತ್ತಿದ್ದುದೇ ಬೀಗ ಜಡಿದ ಸೆರೆಮನೆಯಲ್ಲಿ. ಆ ಹಾಳೆಗಳನ್ನು ಮಡಚಿ ಕುರ್ಚಿಯ ಕೆಳಗೆ ಹಾಕಿದ.

“ಶುರು ಮಾಡೋಣ,” ಎಂದ. “ನೀವು ಕಣ್ಣು ಬಿಡ್ತೀರಿ. ಎದುರಿಗೊಂದು ಬಾಗಿಲಿದೆ. ತೆರೆದೇ ಇದೆ. ಮಾರಿಟ್, ನೀನೇ ಮೊದಲು. ಏನ್ಮಾಡ್ತೀಯ?”

ಅಭ್ಯಾಸಬಲದಿಂದ ಅವಳು ದಾಳ ಎತ್ತಿಕೊಂಡಳು.

“ದಾಳ ಬೇಡ. ತೆರೆದಿದೆ ಅಂದ್ನಲ್ಲ.”

“ಮೊದ್ಲು ಆಚೆ ಏನಿದೆ ಅಂತ ನೋಡ್ಬೇಕು, ಅದು ನಿಯಮ,” ಕೀಗನ್ ನಡುವೆ ಬಾಯಿ ಹಾಕಿದ. “ಒಬ್ಳೇ ಹೊರಗೆ ಹೋಗೋ ಹಾಗಿಲ್ಲ.”

“ಒಬ್ಳೇ ಯಾಕಾಗ್ತಾಳೆ? ಹೊರಗೆ ಬಂಡಿ ಕಟ್ಕೊಂಡು ನಾನು ನಿಂತಿದೀನಿ,” ಎಂದಳು ವಾಂಡಾ. ಶಾಲೆಯ ಬಸ್ಸು ಓಡಿಸುವ ಅವಳು ಆಟದಲ್ಲೂ ಬಂಡಿ ಹೊಡೆಯುವವಳೇ. ಆದರೆ ಈಗ ಅವಳು ನೋಡುತ್ತಿದ್ದದ್ದು ಕೀಗನ್‌ನನ್ನು.

ಮಾರಿಟ್ ಗಂಡನ ಮುಖ ನೋಡಿದಳು. ಅವನು ಬೇಡವೆಂಬಂತೆ ತಲೆಯನ್ನು ಅಷ್ಟೇ ಅಷ್ಟು ಅಲ್ಲಾಡಿಸಿದ. ಆರ್ಲೋ ಅದನ್ನು ಕಂಡ. ಇಷ್ಟು ವರ್ಷ ಅದು ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವಳು ದಾಳವನ್ನು ಮೆಲ್ಲಗೆ ಕೆಳಗಿಟ್ಟಳು.

“ಹೊರಗೆ ಹೋಗ್ತೀನಿ.”

“ಎಲ್ಲಿಗೆ?” ಎಂದು ಕೇಳಿದ ಆರ್ಲೋ. ಅದನ್ನು ಕೇಳಬಾರದೆಂಬ ನಿಯಮವೇನೂ ಇರಲಿಲ್ಲ.

ಮಾರಿಟ್ ಮೊದಲ ಸಲ ಅಣ್ಣನ ಕಡೆ ಮುಖವೆತ್ತಿದಳು.

“ಅಣ್ಣಾ, ನಿನ್ನ ಮಹಡಿ ರೂಮಿನ ಬಾಗಿಲಿಗೆ ಒಳಗಡೆಯಿಂದ ಚಿಲಕ ಇದೆಯಾ?”