ಮೂರನೆಯ ಸಾಲಿನ ಪ್ರಶ್ನೆ

ಪರದೆಯ ಮೇಲೆ ಆ ಪುಟ್ಟ ಚಕ್ರ ತಿರುಗುತ್ತಲೇ ಇತ್ತು. ಡೇಟಾಬೇಸ್ ಕೆಲಸದವರ ಸಭೆಯಲ್ಲಿ ಅವಳದು ಇದೇ ಮೊದಲ ಭಾಷಣ. ಎಲ್ಲರೆದುರೇ ಓಡಿಸಿ ತೋರಿಸುತ್ತೇನೆಂದು ಒತ್ತಿದ, ಡೇಟಾ ಹುಡುಕಿ ತರಬೇಕಾದ ಕ್ವೆರಿ ತುಟಿಪಿಟಕ್ಕೆನ್ನದೆ ಕುಳಿತಿತ್ತು. ಯಾರೋ ಕೆಮ್ಮಿದರು, ಯಾರೋ ಫೋನ್ ತೆಗೆದರು. ಇವತ್ತು ಹೀಗೇ ಇಳಿದುಹೋದರೆ ಇನ್ನೆಂದೂ ವೇದಿಕೆ ಹತ್ತಲಾರೆ ಎಂದು ಅವಳಿಗೆ ಖಾತ್ರಿಯಾಯಿತು.

ಆಗ ಮೂರನೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಅವಳಿಗೆ ಕೆಲಸ ಕಲಿಸಿ, ಈಗ ನಿವೃತ್ತರಾಗಿರುವ ದೊಡ್ಡ ಸಾರ್. ಯಾವಾಗಲೂ 'ಏನಮ್ಮ' ಎನ್ನುವವರು ಇವತ್ತು, "ಮೇಡಂ, ನನಗೊಂದು ಅನುಮಾನ" ಎಂದರು. "ಒಂದು ವಿಂಡೋದಲ್ಲಿ ಡೇಟಾ ಬದಲಾಯಿಸಿ ಕಮಿಟ್ ಒತ್ತಿ ಅದನ್ನ ಖಾಯಂ ಮಾಡೋದು ಮರೆತುಬಿಟ್ರೆ, ಇನ್ನೊಂದು ವಿಂಡೋದಿಂದ ಅದೇ ಡೇಟಾ ಕೇಳೋ ಕ್ವೆರಿ ಏನ್ಮಾಡುತ್ತೆ?" ಹಿಂದಿನ ಸಾಲು ಕಿಸಕ್ಕೆಂದಿತು. "ತಾತ ಇವತ್ತೇ ಕೆಲಸಕ್ಕೆ ಸೇರಿರಬೇಕು ಕಣೋ!" ಎಂದನೊಬ್ಬ. ಸಾರ್ ಕೇಳಿಸಿಯೂ ಕೇಳಿಸದವರಂತೆ, ಪೆನ್ನು ಹಿಡಿದು ಉತ್ತರಕ್ಕೆ ಕಾದು ಕುಳಿತರು.

"ಕಾಯುತ್ತೆ ಸಾರ್. ಮೊದಲನೇದು ಡೇಟಾಗೆ ಹಾಕಿದ ಬೀಗ ತೆಗೆಯೋ ತನಕ ಎರಡನೇದು ಬಾಗಿಲಲ್ಲೇ ನಿಂತು..." ಎನ್ನುತ್ತಿದ್ದವಳು ತಟ್ಟನೆ ಮಾತು ನಿಲ್ಲಿಸಿದಳು. ಹಿಂದೆ ಅಡಗಿದ್ದ ವಿಂಡೋ ತೆರೆದಳು. ಬೆಳಿಗ್ಗೆ ಅಭ್ಯಾಸ ಮಾಡುವಾಗ ಅವಳೇ ಮರೆತಿದ್ದ ಕಮಿಟ್! ಒತ್ತಿದ್ದೇ ತಡ, ಚಕ್ರ ನಿಂತು, ಪರದೆಯ ಮೇಲೆ ಡೇಟಾದ ಸಾಲುಗಳು ದಡದಡನೆ ಇಳಿದವು. ಇದೆಲ್ಲ ಬೇಕೆಂದೇ ಹೂಡಿದ ಆಟವೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು.

ಸಾರ್ ಮಾತ್ರ ತಲೆ ಬಗ್ಗಿಸಿ, ಅವಳ ಉತ್ತರವನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಕೆಲಸದ ಹೊಸದರಲ್ಲಿ ತನ್ನ ಪೆದ್ದು ಪ್ರಶ್ನೆಗಳಿಗೆಲ್ಲ ಅವರು ತಪ್ಪದೆ ಹೇಳುತ್ತಿದ್ದ ಮಾತು ಅವಳಿಗೆ ನೆನಪಾಯಿತು. ಮೈಕನ್ನು ಹತ್ತಿರಕ್ಕೆಳೆದುಕೊಂಡು, "ಬಹಳ ಒಳ್ಳೇ ಪ್ರಶ್ನೆ ಸಾರ್" ಎಂದಳು.